ಎರಡು ಕೋವಿಗೆ ಒಂದೇ ಡಬ್ಬಿ ಮದ್ದು

ಸೈಮಿ ಕಾರ್ಪಿನೆನ್‌ಳ ಮುತ್ತಜ್ಜ ಆಪೆಲಿ, ಪೈನ್ ಮರದ ಬೇರು ಸುಟ್ಟು ಡಾಂಬರು ಇಳಿಸಿ, ಪೀಪಾಯಿಗಳನ್ನು ಉದ್ದನೆಯ ದೋಣಿಗೆ ಹೇರಿ, ಬಂಡೆಗಳ ನಡುವೆ ನೊರೆಗಟ್ಟಿ ಧುಮುಕುವ ನದಿಯಲ್ಲಿ ಸಮುದ್ರದವರೆಗೆ ಒಯ್ದವನು. ಇಪ್ಪತ್ತೆರಡು ಬೇಸಿಗೆ ಒಯ್ದ. ಒಂದು ಪೀಪಾಯಿಯನ್ನೂ ನದಿಗೆ ಕೊಡಲಿಲ್ಲ. ಅವನ ಸೊಸೆ ರೀಕ್ಕಾ, ಕುರಿಕೊಟ್ಟಿಗೆಗೆ ನುಗ್ಗಿದ ತೋಳವನ್ನು ಒಲೆಯಿಂದ ರೊಟ್ಟಿ ತೆಗೆಯುವ ಉದ್ದ ಹಿಡಿಯ ಹಲಗೆಯಿಂದ ಮೂತಿಗೆ ಬಾರಿಸಿ ಅಟ್ಟಿದವಳು; ಆಗ ಅವಳಿಗೆ ಏಳು ತಿಂಗಳು. ಆ ಬಸಿರಲ್ಲಿದ್ದವನೇ ಅನ್ಸೆಲ್ಮಿ, ಸೈಮಿಯ ಅಪ್ಪ. ಮರದ ತುದಿಯಲ್ಲಿ ಕೂತ ಕಾಡುಕೋಳಿಯ ಮಾಂಸ ಒಂದು ತುಣುಕೂ ಕೆಡದ ಹಾಗೆ ಕುತ್ತಿಗೆಗೇ ಗುಂಡಿಡುತ್ತಿದ್ದ ಗಂಡಸು ಹೆಟೆವಾರಾ ಊರಿನಲ್ಲಿ ಅವನೊಬ್ಬನೇ.

ಆ ಅನ್ಸೆಲ್ಮಿಯೇ ಒಂದು ಸಲ ಎಡವಿದ. ಅರವತ್ತೊಂದನೆಯ ಇಸವಿಯ ವಸಂತದಲ್ಲಿ. ಆ ಸೀಮೆಯಲ್ಲಿ ತೋಟಾ ಮನೆಯಲ್ಲೇ ತುಂಬಿಕೊಳ್ಳುವುದು ಆಗಲೂ ಇತ್ತು, ಈಗಲೂ ಇದೆ. ಸಿಡಿದು ಖಾಲಿಯಾದ ಹಿತ್ತಾಳೆ ಕೊಳವೆಯನ್ನು ಎಸೆಯದೆ ತೊಳೆದು, ತಳಕ್ಕೆ ಕಿಡಿ ಹೊತ್ತಿಸುವ ಹೊಸ ಕೇಪು ಕೂರಿಸಿ, ತೂಗಿದ ಮದ್ದು ಸುರಿದು, ಬಾಯಿಗೆ ಗುಂಡು ಒತ್ತಿದರೆ ತೋಟಾ ಮತ್ತೆ ಸಿದ್ಧ. ಅವತ್ತು ಅಡುಗೆಮನೆ ಮೇಜಿನ ಮೇಲೆ ಎರಡು ಡಬ್ಬಿ ಇದ್ದವು. ಒಂದರಲ್ಲಿ ಚರೆಕೋವಿಯ ಬಿರುಸು ಮದ್ದು, ಇನ್ನೊಂದರಲ್ಲಿ ದೊಡ್ಡ ಕೋವಿಯ ಸಾವಧಾನದ ಮದ್ದು. ಬಂದ ನೆಂಟನ ಜೊತೆ ಹರಟುತ್ತ ಕೈ ಒಂದಕ್ಕೆ ಹೋಗುವುದು ಇನ್ನೊಂದಕ್ಕೆ ಹೋಯಿತು, ದೊಡ್ಡ ಕೋವಿಯ ತೋಟಾಕ್ಕೆ ಬಿರುಸು ಮದ್ದು ಬಿತ್ತು. ಮರುದಿನ ಮೊದಲ ಈಡಿಗೇ ಕೋವಿ ಹಿಂದಕ್ಕೆ ಸಿಡಿದು ಅವನ ಬಲಗಣ್ಣು ಹೋಯಿತು.

ಅನ್ಸೆಲ್ಮಿ ಮೂಲೆ ಹಿಡಿದು ಕೂರಲಿಲ್ಲ. ಆ ಚಳಿಗಾಲವೆಲ್ಲ ಪೊರಕೆಯನ್ನು ಎಡಹೆಗಲಿಗೆ ಆನಿಸಿ, ಎಡಗಣ್ಣಲ್ಲಿ ಗುರಿ ಹಿಡಿಯುವುದನ್ನು ಮಗುವಿನ ಹಾಗೆ ಮೊದಲಿಂದ ಕಲಿತ. ಮುಂದಿನ ಶರತ್ಕಾಲಕ್ಕೆ ತನ್ನ ಹಳೇ ಜಾಗದಲ್ಲೇ ನಿಂತು ಕುದುರೆಗಿಂತ ಎತ್ತರದ, ಹಲಗೆಕೊಂಬಿನ ಮೂಸ್ ಒಂದನ್ನು ಕೆಡವಿದ. ಆಮೇಲೆ ಮನೆಗೆ ಒಂದು ಕಟ್ಟಳೆ ಹಾಕಿದ: ಮೇಜಿನ ಮೇಲೆ ಒಂದು ಹೊತ್ತಿಗೆ ಒಂದೇ ಡಬ್ಬಿ. ಹನ್ನೊಂದು ವರ್ಷದ ಸೈಮಿ ಅದನ್ನು ಕೇಳಿಸಿಕೊಂಡಳು. ಅರವತ್ತೆರಡು ವರ್ಷ ಪಾಲಿಸಿದಳು.

ಸೈಮಿ ಮದುವೆಯಾಗಲಿಲ್ಲ. ಮೂವತ್ತನಾಲ್ಕು ವರ್ಷ ಹಾಲಿನ ಪರೀಕ್ಷೆಯ ಕೆಲಸ ಮಾಡಿದಳು. ಕೊಟ್ಟಿಗೆಯಿಂದ ಕೊಟ್ಟಿಗೆಗೆ ಹೋಗಿ, ಒಂದೊಂದು ಹಸುವಿನ ಹಾಲನ್ನೂ ಗಾಜಿನ ಕೊಳವೆಗೆ ಅಳೆದು ಹಾಕಿ, ಕೊಬ್ಬು ಎಷ್ಟೆಂದು ಬರೆದುಕೊಳ್ಳುವ ಕೆಲಸ. ಒಂದು ಹನಿ ಹೆಚ್ಚಾದರೆ ಚೆಲ್ಲಿ ಮತ್ತೆ ಅಳೆಯುತ್ತಿದ್ದಳು. ಅಪ್ಪ ಹೋದ ಮೇಲೆ ಎರಡು ಕೋವಿ ಅವಳ ಪಾಲಿಗೆ ಬಂದವು: ಕಾಡುಕೋಳಿಗೆ ಸಣ್ಣ ನಳಿಗೆಯದು, ಮೂಸ್‌ಗೆ ದೊಡ್ಡ ನಳಿಗೆಯದು. ಜೊತೆಗೆ ಒಂದು ಜಾಗವೂ ಬಂತು. ಬೇಟೆ ಅಟ್ಟುವ ಸೋವಿನವರು ನಾಯಿ ಬಿಟ್ಟು ಮೂಸ್ ಎಬ್ಬಿಸುವಾಗ, ಕೋವಿಯವರು ಒಬ್ಬೊಬ್ಬರೂ ಗೊತ್ತಾದ ಬಿಲ್ಲಿನಲ್ಲಿ, ಅಂದರೆ ತಮಗೆ ಗುರುತಾದ ಕಾಯುವ ಜಾಗದಲ್ಲಿ, ಉಸಿರು ಬಿಗಿಹಿಡಿದು ಕಾಯಬೇಕು. ಕಾರ್ಪಿನೆನ್ ಮನೆಯವರ ಬಿಲ್ಲು, ನಿಂತಲ್ಲೇ ಒಣಗಿ ಬೆಳ್ಳಿಬಣ್ಣಕ್ಕೆ ತಿರುಗಿದ ಒಂದು ಪೈನ್ ಮರದ ಬುಡ. ಅಪ್ಪ ಮಗಳು ಸೇರಿ ಎಪ್ಪತ್ತು ವರ್ಷಕ್ಕೆ ಮೇಲೆ ಅಲ್ಲಿ ನಿಂತಿದ್ದಾರೆ.

ಸೋವಿನ ಯಜಮಾನ ಓಯ್ವಾ ಮೊಯ್ಲಾನೆನ್. ವಯಸ್ಸು ಅರವತ್ತೊಂದು, ಎತ್ತಿನಂಥ ಆಳು, ಬೆಣ್ಣೆಯಂಥ ಮನಸ್ಸು. ಕೋವಿ ಹಿಡಿಯುವುದನ್ನು ಒಕ್ಕಣ್ಣಿನ ಅನ್ಸೆಲ್ಮಿಯಿಂದಲೇ ಕಲಿತವನು. ಆ ವರ್ಷ ಜೂನ್‌ನಲ್ಲಿ ಅವನು ಸೈಮಿಯ ಮನೆಗೆ ಬಂದದ್ದು ಒಂದು ಕಷ್ಟದ ಮಾತು ಹೇಳಲಿಕ್ಕೆ. ಅಂಗಳದಲ್ಲೇ ಅವನ ಕಾಲು ನಿಂತಿತು. ಸೈಮಿಯ ಹುಳಿದಂಟಿನ ಪಾತಿ ಸೊಂಟದುದ್ದ ಬೆಳೆದು, ಒಂದೊಂದು ಎಲೆಯೂ ಮಗು ಮಲಗಿಸುವಷ್ಟು ಅಗಲವಾಗಿತ್ತು.

"ಏನ್ ಹಾಕ್ದೆ ಮಾರಾಯ್ತಿ ಇದಕ್ಕೆ?"

"ಮದ್ದು," ಎಂದಳು ಸೈಮಿ, ಬಾಗಿಲಲ್ಲಿ ನಿಂತು. "ಎರಡು ಡಬ್ಬಿ. ತುಂಬಾ."

ಓಯ್ವಾ ನಕ್ಕ. ಅವಳು ನಗಲಿಲ್ಲ. ಒಳಗೆ ಕರೆದು ಕಾಫಿ ಬಗ್ಗಿಸಿ, ಕೆಂಪುಹಣ್ಣು ಹಾಕಿದ ಆಲೂಗಡ್ಡೆ ರೊಟ್ಟಿ ಮುಂದಿಟ್ಟು, ಆದದ್ದನ್ನು ಹೇಳಿದಳು. ಏಪ್ರಿಲ್‌ನಲ್ಲಿ ಸಣ್ಣ ಕೋವಿಗೆ ತೋಟಾ ತುಂಬಿ ಮುಗಿಸಿ, ಡಬ್ಬಿಯನ್ನು ಕಪಾಟಿಗೆ ಎತ್ತಿಟ್ಟ ಮೇಲೆ, ಅಳತೆಯ ಕೊಳವೆಯಲ್ಲಿ ಉಳಿದಿದ್ದ ಮದ್ದನ್ನು ಮತ್ತೆ ಡಬ್ಬಿ ತೆಗೆದು ವಾಪಸು ಸುರಿದಿದ್ದಳು. ಸುರಿದದ್ದು ದೊಡ್ಡ ಕೋವಿಯ ಡಬ್ಬಿಗೆ. ಹಿಂದಿನ ವರ್ಷ ಆಸ್ಪತ್ರೆಯಲ್ಲಿ ಕಣ್ಣಿನ ಪೊರೆ ತೆಗೆದ ಮೇಲೆ ದೂರದ್ದೆಲ್ಲ ಹದ್ದಿನ ಹಾಗೆ ಕಾಣುತ್ತಿತ್ತು. ಕೈಯಳತೆಯೊಳಗಿನದು ಮಾತ್ರ ಮಂಜು. ಡಬ್ಬಿಯ ಅಕ್ಷರ ಮಂಜಿನೊಳಗೆ ಇತ್ತು.

"ಹೆಂಗೆ ಗೊತ್ತಾಯ್ತು?"

"ಮುಚ್ಚಳ ತಿರುಗಿಸ್ವಾಗ ಡಬ್ಬಿ ಭಾರ ಅನ್ನಿಸ್ತು. ಕೈಗೆ ಗೊತ್ತಾಯ್ತು, ಕಣ್ಣಿಗಲ್ಲ." ಅವಳು ಲೋಟ ಕೆಳಗಿಟ್ಟಳು. "ಒಂದು ಬೆರಕೆ ಆಗಿದೆ ಅಂತ ಗೊತ್ತು. ಇನ್ನೊಂದು ಯಾವತ್ತಾದ್ರೂ ಹಿಂಗೇ ಆಗಿದ್ದಿದ್ರೆ? ಎರಡನ್ನೂ ಗೊಬ್ಬರ ಆಗ್ಲಿ ಅಂತ ಪಾತಿಗೆ ಚೆಲ್ಲಿ ಕುಂಟೆ ಎಳೆದೆ."

ಓಯ್ವಾನ ಬಾಯೊಳಗಿನ ತುತ್ತು ಅಲ್ಲೇ ನಿಂತಿತು. ಪೂರ್ವದ ಕಡೆ ಯುದ್ಧ ಶುರುವಾಗಿ ಮದ್ದೆಲ್ಲ ಅತ್ತ ಹರಿಯತೊಡಗಿದಾಗಿನಿಂದ ಅಂಗಡಿಗೆ ಮದ್ದು ಬರುವುದೇ ಅಪರೂಪವಾಗಿತ್ತು. ಬಂದರೂ ತಲೆಗೆ ಒಂದೇ ಡಬ್ಬಿ. ಜನ ಹೆಸರು ಬರೆಸಿ ತಿಂಗಳುಗಟ್ಟಲೆ ಕಾಯುತ್ತಿದ್ದ ಕಾಲದಲ್ಲಿ ಇವಳು ಎರಡು ಡಬ್ಬಿ ಹುಳಿದಂಟಿಗೆ ಉಣಿಸಿದ್ದಳು.

ಹೇಳಬೇಕಾದದ್ದನ್ನು ಅವನು ಆಮೇಲೆ ತೊದಲುತ್ತ ಹೇಳಿದ. ಸೈಮಿಯ ಈಡಿನ ಪರೀಕ್ಷೆಯ ಚೀಟಿ ಈ ಬೇಸಿಗೆಗೆ ಮುಗಿಯುತ್ತದೆ. ಆಗಸ್ಟ್‌ನ ಕೊನೆಯ ಶನಿವಾರ ಪರೀಕ್ಷೆ, ಆ ವರ್ಷಕ್ಕೆ ಅದೇ ಕಡೆಯದು. ಪಾಸಾಗದಿದ್ದರೆ ಬಿಲ್ಲಿಗೆ ನಿಲ್ಲುವ ಹಾಗಿಲ್ಲ, ಕಾನೂನೇ ಹಾಗಿದೆ. ಬೆಳ್ಳಿಮರದ ಬಿಲ್ಲನ್ನು ತನ್ನ ಅಳಿಯ ಮಿಕಾ ಕೇಳುತ್ತಿದ್ದಾನೆ.

"ಮತ್ತೆ ನಾನು?"

"ಬೆಂಕಿ ಹತ್ರ... ಕಾಫಿ ನೋಡ್ಕೊಂಡು..."

"ಕಾಫಿ." ಸೈಮಿ ಆ ಮಾತನ್ನು ಹಾಲಿನ ಹನಿಯ ಹಾಗೆ ಬೆಳಕಿಗೆ ಹಿಡಿದು ನೋಡಿದಳು. "ನನ್ನಪ್ಪ ಒಂದು ಕಣ್ಣಲ್ಲಿ ಮೂವತ್ತು ವರ್ಷ ನಿಂತ ಜಾಗ ಅದು, ಓಯ್ವಾ."

"ಗೊತ್ತು ಕಣೇ. ಅದಕ್ಕೇ ಬಂದೆ. ನನ್ನತ್ರ ಅಂಗಡಿ ತೋಟಾ ಒಂದು ಪೆಟ್ಟಿಗೆ ಇದೆ, ತಗೋ."

"ಅಂಗಡಿದು ಹೆಗಲಿಗೆ ಕತ್ತೆ ಒದ್ದಂಗೆ ಒದೆಯುತ್ತೆ. ಮಂಜುಗಡ್ಡೆ ಮೇಲೆ ಬಿದ್ದು ಮುರಿದ ಎಲುಬು ಇದು. ಎರಡು ಈಡು ಆದ್ಮೇಲೆ ಮೂರನೇದಕ್ಕೆ ಕಣ್ಣು ತಾನೇ ಮುಚ್ಕೊಳುತ್ತೆ."

"ಹಂಗಾದ್ರೆ ಸಣ್ಣ ಕೋವಿಲಿ ಪರೀಕ್ಷೆ ಕೊಡು. ಕಾನೂನು ಒಪ್ಪುತ್ತೆ."

"ಅಕ್ಟೋಬರ್ ಬೇಟೆಲಿ ಯಾವುದು ಹಿಡೀತೀನೋ ಅದ್ರಲ್ಲೇ ಕೊಡ್ತೀನಿ."

ಮುಂದಿನ ವಾರ ಓಯ್ವಾ ಮತ್ತೆ ಬಂದಾಗ ಮೇಜಿನ ಮೇಲೆ ಹಾಲಿನ ಲೆಕ್ಕದ ಹಳೇ ಪುಸ್ತಕವೊಂದು ತೆರೆದಿತ್ತು. ಯಾವ ಕೋವಿಗೆ ಯಾವುದು ಎಷ್ಟು ಎಂದು ಹೇಳುವ ಮದ್ದಿನ ಪಟ್ಟಿಗಳನ್ನು ಸೈಮಿ ಭೂತಗನ್ನಡಿ ಹಿಡಿದು ಓದಿ, ಬಡಗಿಯ ಪೆನ್ಸಿಲ್‌ನಿಂದ ಹೆಬ್ಬೆರಳ ಗಾತ್ರದ ಅಕ್ಷರದಲ್ಲಿ ಇಳಿಸಿಕೊಂಡಿದ್ದಳು. ಎಡಕ್ಕೆ ಸಣ್ಣ ಕೋವಿಗೆ ಒಗ್ಗುವ ಮದ್ದುಗಳು, ಬಲಕ್ಕೆ ದೊಡ್ಡದಕ್ಕೆ ಒಗ್ಗುವವು. ಎರಡೂ ಕಡೆ ಬರುವ ಹೆಸರುಗಳಿಗೆ ಸುತ್ತ ಗೆರೆ. ಅಂಥವು ಐದು.

"ಇನ್ನು ಈ ಮನೆಯಲ್ಲಿ ಒಂದೇ ಡಬ್ಬಿ," ಎಂದಳು. "ಅಪ್ಪ ಮೇಜಿನ ಮೇಲೆ ಒಂದೇ ಇರ್ಬೇಕು ಅಂದ. ಅವನ ಕಣ್ಣು ಒಂದಾದ್ರೂ ಓದ್ತಿತ್ತು. ನನಗೆ ಕಪಾಟಲ್ಲೂ ಒಂದೇ ಇರ್ಬೇಕು. ಬೆರಕೆ ಮಾಡೋಕೆ ಎರಡನೇದೇ ಇಲ್ಲ ಅಂದ್ರೆ ಹೆಂಗೆ ಬೆರಕೆ ಆಗುತ್ತೆ?"

"ಆದ್ರೆ ಸೈಮಿ, ಎರಡಕ್ಕೂ ಒಂದೇ ಅಂದ್ರೆ ಎರಡಕ್ಕೂ ಅರೆಬರೆ. ಸಣ್ಣದಕ್ಕೆ ನಿಧಾನ ಉರಿಯೋದು ಬೇಕು, ದೊಡ್ಡದು ಅಗಲ ನಳಿಗೆ, ಅದಕ್ಕೆ ಇದಕ್ಕಿಂತ ಚೂರು ಚುರುಕಾಗಿ ಉರಿಯೋದು. ಮಾವ ಸೊಸೆ ಒಂದೇ ಚಡ್ಡಿ ಹಾಕ್ಕೊಂಡಂಗೆ ಆಗುತ್ತೆ."

"ನಿನ್ನ ಮನೆ ಸುದ್ದಿ ನನಗ್ಯಾಕೆ?"

ಐದರಲ್ಲಿ ಒಂದೊಂದನ್ನೇ ಅವಳು ಕಳೆದಳು. ಒಂದು ತೀರ ಬಿರುಸು. ಚಿಟಿಕೆಯಷ್ಟಕ್ಕೇ ಕೆಲಸ ಮುಗಿಸಿ ಹಿತ್ತಾಳೆಯನ್ನು ಅರ್ಧ ಖಾಲಿ ಬಿಡುತ್ತದೆ. ಇನ್ನೊಂದು ತೀರ ಸೋಮಾರಿ. ದೊಡ್ಡ ನಳಿಗೆಯಲ್ಲಿ ಉರಿದು ಮುಗಿಯುವ ಮೊದಲೇ ಗುಂಡು ಹೊರಟು, ಬೇಯದ ಕಾಳು ಬಾಯಿಂದ ಉದುರುತ್ತದೆ. ಮೂರನೆಯದು ಬಿಸಿಲಲ್ಲಿ ಒಂದು ಬುದ್ಧಿ, ಹಿಮದಲ್ಲಿ ಇನ್ನೊಂದು. ಉಳಿದವು ಎರಡು. ಅಂಗಡಿಯಲ್ಲಿ ಅವೆರಡರಲ್ಲಿ ಯಾವುದು ಬಂದರೆ ಅದನ್ನು ಎತ್ತಿಡಲು ಹೇಳಿದ್ದಳು. ಜುಲೈ ನಡುವಿಗೆ ಒಂದು ಬಂತು.

ಆ ಡಬ್ಬಿ ಬಂದ ದಿನ ಮೇಜಿನ ಬಳಿ ಕಂಡದ್ದನ್ನು ಓಯ್ವಾ ಎಷ್ಟೋ ಕಾಲ ಮರೆಯಲಿಲ್ಲ. ಸೈಮಿ ಅಪ್ಪನ ತಕ್ಕಡಿ ಇಟ್ಟಳು. ತೊಗಲಿನ ಹೊದಿಕೆಯ ಮರದ ಪೆಟ್ಟಿಗೆಯಿಂದ ತೆಗೆದ ಹಿತ್ತಾಳೆ ತಕ್ಕಡಿ, ಉಸಿರು ಬಿಟ್ಟರೆ ತೂಗಾಡುವಂಥದ್ದು. ಕಿಟಕಿ ಮುಚ್ಚಿಸಿದಳು, ರೇಡಿಯೊ ಆರಿಸಿದಳು, ಓಯ್ವಾನನ್ನು ಎರಡು ಮಾರು ಹಿಂದೆ ಕೂರಿಸಿದಳು. "ನೆಂಟ ಕೂತ್ಕೊಳೋ ಜಾಗ ಅದು. ಬಾಯಿ ಮುಚ್ಕೊಂಡು ಕೂತ್ಕೋ." ಭೂತಗನ್ನಡಿಯನ್ನು ಕುತ್ತಿಗೆಗೆ ದಾರದಲ್ಲಿ ಕಟ್ಟಿಕೊಂಡಿದ್ದಳು. ಪಟ್ಟಿಯಲ್ಲಿ ಹೇಳಿದ ಎಲ್ಲಕ್ಕಿಂತ ಕಡಿಮೆ ತೂಕದಿಂದ ಶುರು. ತೂಗಿದ್ದನ್ನು ಇನ್ನೊಮ್ಮೆ ತೂಗಿ, ಆಲಿಕೆಯಲ್ಲಿ ದೊಡ್ಡ ಹಿತ್ತಾಳೆಗೆ ಸುರಿದಳು. ಮದ್ದು ಕತ್ತಿನ ಬುಡದವರೆಗೆ ಏರಿ ನಿಂತಿತು, ಹಬ್ಬದ ದಿನ ಬಡಿಸಿದ ಪಾಯಸದ ಹಾಗೆ. ಸಣ್ಣ ಹಿತ್ತಾಳೆಗೆ ಅದರ ತೂಕ ಹಾಕಿದಳು. ಅದರಲ್ಲೂ ಭುಜದ ತನಕ.

"ಈಗ ನೋಡು," ಎಂದಳು. ತುಂಬಿದ ದೊಡ್ಡದಕ್ಕೇ ಬೇಕೆಂದು ಇನ್ನೊಂದು ತೂಕ ಸುರಿದಳು. ಮದ್ದು ಉಕ್ಕಿ ಬಾಯಿಂದ ಹೊರಬಿದ್ದು ಬಿಳಿ ಬಟ್ಟೆಯ ಮೇಲೆ ಕಪ್ಪಗೆ ಹರಡಿತು. ಸಣ್ಣದನ್ನು ಬರಿದು ಮಾಡಿ ಅದಕ್ಕೆ ದೊಡ್ಡದರ ತೂಕ ಸುರಿದಳು. ಅದೂ ಉಕ್ಕಿತು. "ಎರಡು ಸಲ ಹಾಕಿದ್ರೂ ಚೆಲ್ಲುತ್ತೆ, ಇದ್ರದ್ದು ಅದಕ್ಕೆ ಹಾಕಿದ್ರೂ ಚೆಲ್ಲುತ್ತೆ. ನನ್ನ ಕಣ್ಣಿಗೆ ಕಾಣದಿದ್ರೂ ಅಂಗೈ ಆಡಿಸಿದ್ರೆ ಸಿಕ್ಕುತ್ತೆ. ಆ ಬಿರುಸಿಂದು ತಗೊಂಡಿದ್ರೆ ಎರಡು ಪಾಲು ಹಾಕಿದ್ರೂ ಒಳಗೇ ಬಚ್ಚಿಟ್ಕೊತಿತ್ತು."

ಓಯ್ವಾ ಆ ಬಟ್ಟೆಯ ಮೇಲಿನ ಕಪ್ಪು ಕಾಳುಗಳನ್ನು ನೋಡುತ್ತ ಕೂತ. ನಲವತ್ತು ವರ್ಷ ತೋಟಾ ತುಂಬಿದ್ದ ಅವನು ಮದ್ದು ಆರಿಸಿದ್ದು ಯಾವುದು ಗುಂಡನ್ನು ಹೆಚ್ಚು ವೇಗ ಓಡಿಸುತ್ತದೆ ಎಂದು ಮಾತ್ರ. ತಾನು ತಪ್ಪಿದ ದಿನ ಯಾವುದು ತನ್ನನ್ನು ಕೂಗಿ ಎಚ್ಚರಿಸುತ್ತದೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ಅನ್ಸೆಲ್ಮಿಯ ಗಾಜಿನ ಕಣ್ಣು, ಹಬೆಸ್ನಾನದ ಸೌನಾ ಕೋಣೆಯಲ್ಲಿ ಅದನ್ನು ತೆಗೆದು ಕಿಟಕಿಯ ಮೇಲಿಡುತ್ತಿದ್ದ ರೀತಿ, ಎಲ್ಲ ಅವನ ಕಣ್ಣ ಮುಂದೆ ಬಂದವು. ಅರವತ್ತೆರಡು ವರ್ಷದ ಹಿಂದೆ ಇದೇ ಮೇಜಿನ ಮೇಲೆ ಆದ ತಪ್ಪಿಗೆ ಈ ಹೆಂಗಸು ಈಗ ಉತ್ತರ ಬರೆಯುತ್ತಿದ್ದಾಳೆ ಎಂದು ಅವನಿಗೆ ಹೊಳೆಯಿತು.

ಆಮೇಲಿನ ಮೂರು ವಾರ ಜಲ್ಲಿ ತೆಗೆದ ಹಳ್ಳದಲ್ಲಿ ಈಡಿನ ಸದ್ದು ಕೇಳಿಬರುತ್ತಿತ್ತು. ಮೂರು ಈಡು, ನಿಲುಗಡೆ. ಮೂರು ಈಡು, ನಿಲುಗಡೆ. ತೂಕವನ್ನು ಕೂದಲೆಳೆಯಷ್ಟು ಏರಿಸುತ್ತ, ಪ್ರತಿ ಮೆಟ್ಟಿಲಲ್ಲೂ ಖಾಲಿ ಹಿತ್ತಾಳೆಯ ತಳವನ್ನು ಬೆರಳಲ್ಲಿ ಸವರಿ, ಒತ್ತಡ ಮಿತಿ ಮೀರಿ ಕೇಪು ಚಪ್ಪಟೆಯಾಗಿದೆಯೇ ಎಂದು ನೋಡಿ ಬರೆದುಕೊಳ್ಳುತ್ತಿದ್ದಳು. ಪಟ್ಟಿಯ ತುದಿಯವರೆಗೆ ಅವಳು ಹೋಗಲೇ ಇಲ್ಲ. ನಡುವೆ ಒಂದು ಕಡೆ ಗುಂಡುಗಳು ಒಂದರ ಮೇಲೊಂದು ಬಿದ್ದವು, ಹೆಗಲೂ ಒಪ್ಪಿತು. ಅಲ್ಲೇ ನಿಂತಳು.

ಒಂದು ಮಧ್ಯಾಹ್ನ ಓಯ್ವಾ ಹಳ್ಳದ ಕಡೆ ಹೋದ. ಸೈಮಿ ಕಲ್ಲಿನ ಮೇಲೆ ಕೂತಿದ್ದಳು, ಪಕ್ಕದಲ್ಲಿ ಕಾಫಿಯ ಫ್ಲಾಸ್ಕು. ಅವನಿಗೆ ಖುಷಿಯಾಗಿ ಜೇಬಿನಿಂದ ಮರದ ಲೋಟ ತೆಗೆದು ಚಾಚಿದ. ಅವಳು ಮುಚ್ಚಳ ತಿರುಗಿಸಿ ಬಗ್ಗಿಸಿದಳು. ಲೋಟಕ್ಕೆ ಟಣಟಣ ಬಿದ್ದದ್ದು ಹಿಮ ಹಿಡಿದ ಐದು ತೋಟಾ.

"ಕುಡಿ," ಎಂದಳು.

"ಏನೇ ಇದು!"

"ಮೂರು ದಿನ ಫ್ರೀಜರಲ್ಲಿ ಮೀನಿನ ಪಕ್ಕ ಇಟ್ಟಿದ್ದೆ. ಅಕ್ಟೋಬರಲ್ಲಿ ಬೆಳ್ಳಿಮರದ ಹತ್ರ ಮೂಗು ಉದುರೋ ಚಳಿ ಇರುತ್ತೆ. ಮದ್ದಿಗೂ ಚಳಿ ಆಗುತ್ತೋ ನೋಡ್ಬೇಕು." ಅವು ಬಿಸಿಯಾಗುವ ಮೊದಲೇ ಎದ್ದು ನಿಂತು ಐದನ್ನೂ ಹೊಡೆದಳು. ಬಿಸಿಲಲ್ಲಿಟ್ಟ ಐದನ್ನೂ ಆಮೇಲೆ ಹೊಡೆದಳು. ಇಬ್ಬರೂ ನಡೆದುಹೋಗಿ ಹಲಗೆ ನೋಡಿದರು. ಹತ್ತೂ ತೂತು ಒಂದು ಅಂಗೈಯಲ್ಲಿ ಮುಚ್ಚುವಂತಿದ್ದವು. ಯಾವುದು ಚಳಿಯದು ಯಾವುದು ಬಿಸಿಲಿನದು ಎಂದು ಹೇಳುವಂತಿರಲಿಲ್ಲ. ಓಯ್ವಾ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಯಾಕೆ ತೆಗೆದೆನೆಂದು ಅವನಿಗೂ ತಿಳಿಯಲಿಲ್ಲ.

"ಮೀನಿನ ವಾಸನೆ ಬರ್ತಿದೆ," ಎಂದ, ಬೇರೇನೂ ತೋಚದೆ.

"ಮೂಸ್‌ಗೆ ಮೀನು ಆಗಲ್ಲ, ಓಡಿಹೋಗುತ್ತೆ ಅಂತೀಯಾ?"

ಆಗಸ್ಟ್‌ನ ಕೊನೆಯ ಶನಿವಾರ ಬೆಳಿಗ್ಗೆ ಪರೀಕ್ಷೆಯ ಮೈದಾನದಲ್ಲಿ ಊರಿನ ಅರ್ಧ ಜನ ಸೇರಿದ್ದರು. ಎಪ್ಪತ್ತೈದು ಮೀಟರ್ ಆಚೆ ಹಲಗೆಯಲ್ಲಿ ಮೂಸ್‌ನ ಚಿತ್ರ, ಎದೆಯಲ್ಲಿ ಊಟದ ತಟ್ಟೆಯಷ್ಟು ವೃತ್ತ. ಒಂದೂವರೆ ನಿಮಿಷದಲ್ಲಿ ನಾಲ್ಕು ಈಡು, ನಾಲ್ಕೂ ತಟ್ಟೆಯಲ್ಲಿ ಬೀಳಬೇಕು. ಪರೀಕ್ಷಕ ಎಸ್ಕೊ, ನಗುವನ್ನು ಮನೆಯಲ್ಲೇ ಬಿಟ್ಟು ಬರುವವನು. ಅಣ್ಣತಮ್ಮಂದಿರನ್ನೂ ಫೇಲು ಮಾಡಿದವನು. ಮಿಕಾ ಕಟಕಟೆಗೆ ಒರಗಿ ನಿಂತಿದ್ದ. ಕೆಟ್ಟವನಲ್ಲ, ಆದರೆ ಕಣ್ಣು ಬಿಲ್ಲಿನ ಮೇಲಿತ್ತು.

"ಸೈಮಿ, ಹಕ್ಕಿ ಕೋವಿ ತಂದಿದ್ರೆ ಸುಲಭ ಆಗ್ತಿತ್ತಲ್ವಾ?" ಎಂದ.

"ಹಕ್ಕಿ ಹೊಡೆಯೋಕೆ ಬಂದಿಲ್ಲ ಕಣಪ್ಪ. ನಿನ್ ಮಾವನ ಕಾಫಿಗೆ ಸಕ್ಕರೆ ಹಾಕೋದು ಕಲಿತ್ಕೋ, ಬೇಕಾಗುತ್ತೆ."

ಜನ ನಕ್ಕರು. ಓಯ್ವಾ ನಗಲಿಲ್ಲ. ಸೈಮಿ ನಿಂತಳು. ಒಂದು. ಎರಡು. ಮೂರು. ಸದ್ದು ದುಂಡಗೆ, ಅವಸರವಿಲ್ಲದೆ ಕಾಡಿಗೆ ಉರುಳಿ ಹೋಯಿತು. ಹೆಗಲು ಒಂದು ಸಲವೂ ಹಿಂದೆ ಸರಿಯಲಿಲ್ಲ. ನಾಲ್ಕನೆಯದಕ್ಕೆ ಅವಳು ಒಂದು ಉಸಿರು ಹೆಚ್ಚು ಕಾದಳು. ಈಡು ಹಾರಿದ ಕೂಡಲೇ ತುಟಿ ಕಚ್ಚಿದ್ದನ್ನು ಓಯ್ವಾ ಕಂಡ.

ಎಸ್ಕೊ ಹಲಗೆಯತ್ತ ನಡೆದ. ಮೂರು ತೂತು ತಟ್ಟೆಯ ನಡುವೆ, ಕಾಫಿ ಲೋಟದ ಬಾಯಿಯಷ್ಟು ಜಾಗದಲ್ಲಿ. ನಾಲ್ಕನೆಯದು ಅಂಚಿನಲ್ಲಿ, ಹೊರಗಿನ ಕಡೆಗೆ. ಎಸ್ಕೊ ಬಗ್ಗಿ ನೋಡಿದ. ಜೇಬಿನಿಂದ ಗುಂಡಿನ ಗಾತ್ರದ ಅಳತೆಗೂಟ ತೆಗೆದು ತೂತಿಗೆ ತೂರಿಸಿ, ಕಣ್ಣನ್ನು ಕಾಗದಕ್ಕೆ ತಾಗಿಸಿ ನಿಂತ. ಗೆರೆ ಮುಟ್ಟಿದರೆ ಒಳಗೆ, ಮುಟ್ಟದಿದ್ದರೆ ಹೊರಗೆ.

"ಮುಟ್ಟಿದೆ," ಎಂದ ಎಸ್ಕೊ. ಆಮೇಲೆ, ಅವನ ಜನ್ಮದಲ್ಲೇ ಮೊದಲ ಬಾರಿಗೆ, ಯಾರೂ ಕೇಳದೆಯೇ ಒಂದು ಮಾತು ಸೇರಿಸಿದ: "ಸಣ್ಣ ಕೋವಿದಾಗಿದ್ರೆ ತೂತು ಚಿಕ್ಕದು, ಗೆರೆ ಮುಟ್ತಿರ್ಲಿಲ್ಲ."

ಮಿಕಾ ಮೊದಲು ಬಂದು ಕೈ ಕುಲುಕಿದ. ಸೈಮಿಯ ಮುಖ ಮಾತ್ರ ಬಿಗಿದೇ ಇತ್ತು. "ಆ ನಾಲ್ಕನೇದು ನನ್ನದು, ಮದ್ದಿಂದಲ್ಲ," ಎಂದು ಗೊಣಗಿ, ಚೀಟಿಯನ್ನು ಮಡಚಿ ಎದೆಯ ಜೇಬಿಗಿಟ್ಟಳು.

ಓಯ್ವಾ ತನ್ನ ಕಾರಿನಲ್ಲೇ ಅವಳನ್ನು ಮನೆಗೆ ಬಿಟ್ಟ. ಅಡುಗೆಮನೆಯಲ್ಲಿ ಅವಳು ಮೊದಲು ಮಾಡಿದ ಕೆಲಸ ಖಾಲಿ ಹಿತ್ತಾಳೆ ನಾಲ್ಕನ್ನು ಬಿಸಿನೀರಿಗೆ ಹಾಕಿದ್ದು. ಕಪಾಟಿನ ಬಾಗಿಲು ತೆರೆದಿತ್ತು. ಇಡೀ ಕಪಾಟಿನಲ್ಲಿ ಒಂದೇ ಒಂದು ಡಬ್ಬಿ ನಿಂತಿತ್ತು. ಓಯ್ವಾ ಅದನ್ನೇ ನೋಡುತ್ತಿದ್ದ. ಮನಸ್ಸಿನೊಳಗೆ ತುಂಬಿದ್ದೆಲ್ಲ ಒಂದು ಒಡ್ಡೊಡ್ಡಾದ ಮಾತಾಗಿ ಹೊರಬಂತು.

"ಸೈಮಿ, ಮುಂದಿನ ವಸಂತದಿಂದ ತೋಟಾ ತುಂಬೋ ದಿನ ನಾನು ಬರ್ತೀನಿ. ನಾನು ಓದಿ ಹೇಳ್ತೀನಿ, ತೂಗಿ ಕೊಡ್ತೀನಿ. ನೀನು ಕೂತ್ಕೊಂಡು ನೋಡು, ಸಾಕು."

ಸೈಮಿ ಹಿತ್ತಾಳೆಯನ್ನು ನೀರಿನಿಂದ ಎತ್ತಿ, ಕಿವಿಯ ಹತ್ತಿರ ಅಲುಗಾಡಿಸಿ, ಬಟ್ಟೆಯ ಮೇಲೆ ಬೋರಲಿಟ್ಟಳು.

"ಬೇಡ, ಓಯ್ವಾ. ನೀನು ಬಂದ್ರೆ ಮಾತಾಡ್ತೀಯ, ನಾನು ಉತ್ತರ ಕೊಡ್ತೀನಿ. ನನ್ನಪ್ಪನ ಕಣ್ಣು ಹೋಗಿದ್ದು ಹಂಗೇ. ಒಂದು ಡಬ್ಬಿ, ಒಂದು ತಕ್ಕಡಿ, ಒಂದು ಜೊತೆ ಕೈ, ಅಷ್ಟು ಸಾಕು ಈ ಮೇಜಿಗೆ. ಕೂತ್ಕೋ, ಕಾಫಿ ಬಗ್ಗಿಸ್ತೀನಿ. ಏಯ್, ಎದ್ದೇಳ್ಬೇಡ. ಅದನ್ನೂ ನಾನೇ ಬಗ್ಗಿಸ್ತೀನಿ."